ಬೀಗದ ಕೈ ಯಾರಲ್ಲಿ?

ಪರರ ಕಾಗದವನ್ನು ಓದಬಾರದೆಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಪರರ ಕಾಗದವನ್ನು ಕಾಪಾಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಂತಿಲ್ಲ. ಈಚೆಗೆ ಆ ಪ್ರಶ್ನೆ ನನ್ನ ಪುಸ್ತಕದ ಬೀರುವಿನಲ್ಲೇ ಬಂದು ಕುಳಿತಿದೆ.

ಅದೊಂದು ಅಂಗೈಯಗಲದ ಕಂಪ್ಯೂಟರು. ರಾಸ್ಪ್‌ಬೆರಿ ಪೈ ಎಂದು ಹೆಸರು. ಮಕ್ಕಳಿಗೆ ಗಣಕವಿದ್ಯೆ ಕಲಿಸುವುದಕ್ಕೆಂದು ೨೦೧೨ರಲ್ಲಿ ಇಂಗ್ಲೆಂಡಿನಿಂದ ಹೊರಟ ಯಂತ್ರ. ಇದಕ್ಕೆ ಒಂದೆರಡು ಡಿಸ್ಕು ತಗುಲಿಸಿ, ನೆಕ್ಸ್ಟ್‌ಕ್ಲೌಡ್ ಎಂಬ ಬಿಟ್ಟಿ ತಂತ್ರಾಂಶ ಹಾಕಿದರೆ, ಮನೆಮಂದಿಯ ಫೋಟೋ, ಪತ್ರ, ವೈದ್ಯರ ರಿಪೋರ್ಟು, ವಿಳಾಸಗಳ ಪಟ್ಟಿ ಎಲ್ಲವೂ ಯಾವುದೋ ಕಂಪನಿಯ ಉಗ್ರಾಣಕ್ಕೆ ಹೋಗದೆ ಮನೆಯಲ್ಲೇ ಉಳಿಯುತ್ತವೆ. ಬಲ್ಲವರು ಇದನ್ನು ಹೋಮ್ ಸರ್ವರ್ ಎನ್ನುತ್ತಾರೆ. ಖರ್ಚಿನಲ್ಲಿ ಹೆಚ್ಚಿನ ಪಾಲು ಡಿಸ್ಕಿನದು. ಅದಕ್ಕಿಂತ ಹೆಚ್ಚಿನದು ನನ್ನ ಭಾನುವಾರಗಳದು.

"ಮುಚ್ಚಿಡುವಂಥದ್ದು ನಿನ್ನಲ್ಲೇನಿದೆಯಯ್ಯ?" ಎಂದು ಸ್ನೇಹಿತರೊಬ್ಬರು ಕೇಳಿದರು. ಏನೂ ಇಲ್ಲ. ಏನೂ ಇಲ್ಲದವನೂ ಬಚ್ಚಲಿಗೆ ಹೋದಾಗ ಚಿಲಕ ಹಾಕಿಕೊಳ್ಳುತ್ತಾನೆ. ಅಲ್ಲದೆ, ಆ ಉಗ್ರಾಣಕ್ಕೆ 'ಕ್ಲೌಡ್', ಎಂದರೆ ಮೋಡ, ಎಂದು ಹೆಸರಿಟ್ಟವನು ಕವಿಯೇ ಇರಬೇಕು. ಮೋಡ ಯಾರದೂ ಅಲ್ಲ. ಇದಾದರೋ ಯಾವುದೋ ಊರಿನಲ್ಲಿ ಯಾರದೋ ಕಟ್ಟಡ. ೨೦೨೧ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಅಂಥದೊಂದು ಕಟ್ಟಡಕ್ಕೆ ಬೆಂಕಿ ಬಿದ್ದು ಎಷ್ಟೋ ಜನರ ಮಾಹಿತಿ ಬೂದಿಯಾಯಿತು. ಅದೇ ವರ್ಷದ ಜೂನ್ ೧ರಿಂದ ಗೂಗಲ್ ಫೋಟೋಸ್‌ನವರು, ಮಿತಿಯಿಲ್ಲದೆ ಬಿಟ್ಟಿಯಾಗಿ ಕೊಡುತ್ತಿದ್ದ ಜಾಗಕ್ಕೆ ೧೫ ಗಿಗಾಬೈಟಿನ ಗೆರೆ ಎಳೆದರು. ದೂರುವಂತಿಲ್ಲ, ಅವರ ಮನೆ, ಅವರ ಕರಾರು. ಬಾಡಿಗೆಯವನು ಬಾಡಿಗೆಯವನೇ.

ಇಷ್ಟು ಕಾರಣ ನನಗೆ ಸಾಕಾಗಿತ್ತು. ಯಂತ್ರ ನಡೆಯತೊಡಗಿತು; ಮನೆಯವರೆಲ್ಲ ತಮ್ಮ ತಮ್ಮದನ್ನು ಅದರಲ್ಲಿ ತುಂಬಿದರು. ಕಾಲೇಜಿಗೆ ಹೋಗುವ ಮಗಳು ಒಂದು ಸಂಜೆ ಕೇಳಿದಳು: "ಅಪ್ಪ, ಇದರಲ್ಲಿ ನಾನು ಹಾಕಿದ್ದೆಲ್ಲ ನಿನಗೆ ಕಾಣುತ್ತಾ?"

"ನೋಡಬೇಕೆಂದರೆ ಕಾಣುತ್ತೆ. ನೋಡುವುದಿಲ್ಲ."

"ಕಂಪನಿಯವರೂ ಹಾಗೇ ಅಂತಾರಲ್ಲಪ್ಪ" ಎಂದು ಹೊರಟುಹೋದಳು.

ಹಾಸ್ಯಕ್ಕೆ ಆಡಿದ ಮಾತಿರಬಹುದು; ಆದರೆ ಅದು ನನ್ನನ್ನು ಬಿಡಲಿಲ್ಲ. ಕಂಪನಿಗೆ ನನ್ನ ಮಗಳು ಕೋಟಿಯಲ್ಲಿ ಒಬ್ಬಳು. ಅವಳ ಗೆಳತಿ ಯಾರು, ಅವಳು ಯಾರಿಗಾಗಿ ಅತ್ತಳು ಎಂಬುದು ಅವರಿಗೆ ಸರಕು ಮಾರುವ ಮಟ್ಟಿಗೆ ಮಾತ್ರ ಬೇಕು. ತಂದೆಗೆ ಹಾಗಲ್ಲ. ತಂದೆಗೆ ಎಲ್ಲವೂ ಬೇಕು. ಅದೂ ಪ್ರೀತಿಯ ಹೆಸರಿನಲ್ಲಿ ಬೇಕು. ನಮ್ಮ ಹಳೆಯ ಕೂಡುಕುಟುಂಬಗಳನ್ನು ನೆನೆಸಿಕೊಳ್ಳಿ: ಸೊಸೆಯ ಹೆಸರಿಗೆ ತವರಿನಿಂದ ಇನ್‌ಲ್ಯಾಂಡ್ ಪತ್ರ ಬಂದರೆ ಎಷ್ಟೋ ಮನೆಗಳಲ್ಲಿ ಅದನ್ನು ಒಡೆಯುತ್ತಿದ್ದವರು ಯಜಮಾನರು. ಅದು ಕೆಡುಕೆಂದು ಅವರಿಗೂ ತೋರುತ್ತಿರಲಿಲ್ಲ, ಉಳಿದವರಿಗೂ ತೋರುತ್ತಿರಲಿಲ್ಲ. ಸೊಸೆಗೆ ಏನು ತೋರುತ್ತಿತ್ತೆಂದು ಯಾರೂ ಕೇಳಲಿಲ್ಲ. ಮಾಹಿತಿಯನ್ನು ಕಂಪನಿಯಿಂದ ಬಿಡಿಸಿ ತಂದು ಯಜಮಾನನ ಕೈಗೆ ಕೊಟ್ಟರೆ, ಅದು ಯಾರ ಸ್ವಾತಂತ್ರ್ಯ?

ಕಾನೂನಿನಿಂದ ಇಲ್ಲಿ ನೆರವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ಆಮೇಲೆ ೨೦೨೩ರಲ್ಲಿ ಪಾರ್ಲಿಮೆಂಟು ಮಾಡಿದ ಮಾಹಿತಿ ರಕ್ಷಣೆಯ ಕಾಯಿದೆ, ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೋ ಮನೆಯ ಕೆಲಸಕ್ಕೋ ಬಳಸುವ ಮಾಹಿತಿಗೆ ತಾನು ಅನ್ವಯಿಸುವುದಿಲ್ಲವೆಂದು ತಾನೇ ಹೇಳಿಬಿಟ್ಟಿದೆ. ಹೊಸ್ತಿಲ ಬಳಿ ಬಂದು ನಿಂತುಬಿಡುತ್ತದೆ. ಅದು ಸರಿಯೇ, ಇನ್‌ಸ್ಪೆಕ್ಟರು ನಡುಮನೆಗೆ ಬರುವುದು ಯಾರಿಗೆ ಬೇಕು? ಆದರೆ ಹೊಸ್ತಿಲ ಒಳಗೆ ಮಗಳಿಗೆ ಉಳಿದದ್ದು ನನ್ನ ಮಾತೊಂದೇ. ಮಾತು ಕೊಟ್ಟವನ ಕೈಯಲ್ಲೇ ಬೀಗದ ಕೈಯೂ ಇದ್ದರೆ ಆ ಮಾತಿನ ಬೆಲೆ ಎಷ್ಟು?

ನಾನು ಕಂಡುಕೊಂಡ ದಾರಿ ಇಷ್ಟು. ಅವಳ ಕಡತಗಳು ಅವಳ ಫೋನಿನಲ್ಲೇ ಗೂಢಲಿಪಿಯಾಗಿ, ಆಮೇಲೆ ಬೀರುವಿಗೆ ಬರಬೇಕು. ಗುಪ್ತಪದ ಅವಳಲ್ಲಿ ಮಾತ್ರ ಇರಬೇಕು. ಅದಕ್ಕೆಂದೇ ತಂತ್ರಾಂಶಗಳಿವೆ. "ಅವಳು ಮರೆತರೇನು ಗತಿ, ರೀ?" ಎಂದಳು ನನ್ನಾಕೆ. ಮರೆತರೆ ಹೋಯಿತು, ನಾನೂ ತೆಗೆಯಲಾರೆ, ದೇವರೂ ತೆಗೆಯಲಾರ. ಕಾಪಾಡುವುದಕ್ಕೂ ಆಳುವುದಕ್ಕೂ ನಡುವಿನ ಅಂತರ ಇಲ್ಲೇ ಇದೆಯೆಂದು ನನಗೆ ತೋರಿತು. ಕಳೆದುಹೋಗುವ ಅಪಾಯವನ್ನು ಅವಳಿಗೇ ಬಿಡಲಾರದವನು ಅವಳಿಗೆ ಏನನ್ನೂ ಕೊಟ್ಟಂತಾಗಲಿಲ್ಲ.

ನನ್ನಾಕೆಗೆ ಇನ್ನೊಂದು ಚಿಂತೆ: "ನೀವು ಊರಲ್ಲಿಲ್ಲದಾಗ ಇದು ಕೆಟ್ಟರೆ ಯಾರನ್ನ ಕೇಳೋದು?" ಯಾವ ಊರೆಂದು ಅವಳು ಹೇಳಲಿಲ್ಲ; ನಾನೂ ಕೇಳಲಿಲ್ಲ. ಮನೆಗೆಲ್ಲ ಸೇರಿದ ಫೋಟೋಗಳನ್ನೂ ದಾಖಲೆಗಳನ್ನೂ ತೆಗೆಯುವ ಕ್ರಮವನ್ನು ಎರಡು ಹಾಳೆಯಲ್ಲಿ ಬಿಡಿಸಿ ಬರೆದು, ಎಲ್‌ಐಸಿ ಪಾಲಿಸಿಯ ಜೊತೆ ಇಟ್ಟಿದ್ದೇನೆ. ಎಲ್ಲದರ ಇನ್ನೊಂದು ಪ್ರತಿ, ಬೀಗ ಹಾಕಿದ ಡಿಸ್ಕಿನಲ್ಲಿ, ಶಿವಮೊಗ್ಗದ ತಮ್ಮನ ಮನೆಯಲ್ಲಿದೆ. "ಪೆಟ್ಟಿಗೆ ಕೊಟ್ಟೆ, ಬೀಗದ ಕೈ ಕೊಡಲಿಲ್ಲವಲ್ಲ ಅಣ್ಣ" ಎಂದು ಅವನು ಮುನಿಸು ನಟಿಸಿದ. ಅವನ ಡಿಸ್ಕೂ ಈಗ ನಮ್ಮ ಬೀರುವಿನಲ್ಲಿದೆ, ಬೀಗ ಸಮೇತ.

ಮಗಳ ಕಡತಗಳ ಹೆಸರು ಕೂಡ ನನಗೆ ಈಗ ಅರ್ಥವಿಲ್ಲದ ಅಕ್ಷರಗಳ ಸಾಲು. ಗಾತ್ರ ಮಾತ್ರ ಕಾಣುತ್ತದೆ. ಪರೀಕ್ಷೆ ಮುಗಿದ ಮೇಲೆ ತುಸು ಬೇಗಬೇಗನೆ ಬೆಳೆಯುತ್ತಿದೆ.