ಒಂಟಿ ಕೋಡಿನ ಹಸು

ಎರಡನೇ ತರಗತಿಯ ಮಕ್ಕಳಿಗೆ ಶಾಲೆಯ ಕಂಪ್ಯೂಟರಿನಲ್ಲಿ ಟಕ್ಸ್ ಪೇಂಟ್ ತೆರೆದುಕೊಟ್ಟು, 'ನಿಮ್ಮ ಮನೆಯ ಪ್ರಾಣಿ ಬಿಡಿಸಿ' ಎಂದೆ. 2002ರಲ್ಲಿ ಮಕ್ಕಳಿಗೆಂದೇ ಬಂದ, ಕಾಸು ಕೊಡಬೇಕಿಲ್ಲದ ತಂತ್ರಾಂಶವದು. ಅದರಲ್ಲಿ ಕುಂಚವೂ ಇದೆ. ಒತ್ತಿದರೆ ಸಿದ್ಧಚಿತ್ರ ಮೂಡಿಸುವ ಮುದ್ರೆಗಳೂ ಇವೆ.

ಒಬ್ಬಳು ಸೊಟ್ಟಸೊಟ್ಟಗೆ ಹಸು ಬರೆದಿದ್ದಳು. ಒಂದೇ ಕೋಡು. ನಾನು ಸುಮ್ಮನೆ ಮುಂದೆ ಹೋದೆ. ಪಕ್ಕದ ಹುಡುಗ ನಾಯಿಯ ಮುದ್ರೆ ಒತ್ತಿದ್ದ. 'ಅಬ್ಬಾ, ಎಷ್ಟು ಚಂದ!' ಎಂದುಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಅವಳ ಪರದೆಯ ಮೇಲೂ ಅದೇ ನಾಯಿ.

"ನಿಮ್ಮನೇಲಿ ನಾಯಿ ಇದೆಯೇನೇ?"

"ಇಲ್ಲ ಮಿಸ್. ಹಸು ಚೆನ್ನಾಗಿರ್ಲಿಲ್ಲ."

"ಅದಕ್ಯಾಕೆ ಒಂದೇ ಕೋಡು?"

"ಇನ್ನೊಂದು ಮುರಿದು ಹೋಗಿದೆ ಮಿಸ್."

ಅಂದರೆ ಅವಳು ಕಂಡದ್ದನ್ನೇ ಬರೆದಿದ್ದಳು. ಕಾಗದವಾಗಿದ್ದರೆ ರಬ್ಬರಿನಡಿ ಗುರುತಾದರೂ ಉಳಿಯುತ್ತಿತ್ತು; ಪರದೆಯಲ್ಲಿ ಅದೂ ಇಲ್ಲ. ಯಂತ್ರವನ್ನು ಬೈದು ನುಣುಚಿಕೊಳ್ಳೋಣವೆಂದರೆ, ಮೂವತ್ತು ವರ್ಷ ಬೋರ್ಡಿನ ಮೇಲೆ ಮಾವಿನಹಣ್ಣು ಬರೆದು 'ಹೀಗೇ ಬರೀರಿ' ಎಂದವಳೂ ನಾನೇ. ಮುದ್ರೆ ನನ್ನ ಕೈಯಲ್ಲಿ ಮೊದಲಿನಿಂದಲೂ ಇತ್ತಲ್ಲ! ಹುಡುಗಿ ಸುಳ್ಳು ಚಿತ್ರ ಬರೆದದ್ದು ಕಂಪ್ಯೂಟರಿಗಾಗಿ ಅಲ್ಲ, ನನ್ನ ಒಂದು 'ಅಬ್ಬಾ'ಕ್ಕಾಗಿ.

ಮರುದಿನ ಅವಳನ್ನು ಮತ್ತೆ ಕೂರಿಸಿ, "ನಿನ್ನ ಹಸುವನ್ನೇ ಬರಿ ಮಗಾ" ಎಂದೆ. ಕುಂಚ ಹಿಡಿದವಳು ನನ್ನ ಮುಖ ನೋಡಿದಳು.

"ಮಿಸ್, ಎರಡೂ ಕೋಡು ಹಾಕಲಾ?"