ಇಂದಿನ ಧಮ್ಮ ಚಿಂತನೆ: ಅಕ್ಷರ ತಿದ್ದುವವರು ಮಾತು ತಿದ್ದಬಾರದೇ?



ಸಮ್ಮಾ ವಾಚಾ ಎಂದರೆ ಸರಿಯಾದ ಮಾತು. ಸುಳ್ಳು, ಚಾಡಿ, ಕಟುನುಡಿ, ಹುರುಳಿಲ್ಲದ ಹರಟೆ ಈ ನಾಲ್ಕನ್ನೂ ಬಿಡಬೇಕು ಎಂದು ನಾವೆಲ್ಲ ಓದಿದ್ದೇವೆ. ಆದರೆ ಆಡಲೇಬೇಕಾದ ಮಾತನ್ನು ಆಡದೆ ಸುಮ್ಮನಿದ್ದರೆ ಅದು ಯಾವ ಲೆಕ್ಕಕ್ಕೆ ಸೇರುತ್ತದೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಕೇಳಿದ್ದು.

ನನಗೊಂದು ಹವ್ಯಾಸವಿದೆ. ಭಾನುವಾರ ಶಾಸನ, ವೀರಗಲ್ಲು ನೋಡಲು ಹೋಗುವುದು. ಕುಬಟೂರು, ಕೋಟಿಪುರ, ಆನವಟ್ಟಿ ಸುತ್ತಮುತ್ತ ನಾವು ಏಳೆಂಟು ಜನ ಹೀಗೆ ತಿರುಗುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಔಷಧಿ ಅಂಗಡಿಯವರು, ಇಬ್ಬರು ರೈತರು, ಫೋಟೋ ಸ್ಟುಡಿಯೋದ ಹುಡುಗ, ನಾನು ಮತ್ತು ಇನ್ನೊಬ್ಬ ಮೇಷ್ಟ್ರು. ಅದಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿ ಇಲ್ಲ, ಚಂದಾ ಇಲ್ಲ. ಕಲ್ಲು ಕಂಡರೆ ನಿಲ್ಲುವುದು, ಓದುವುದು, ಚಹಾ ಕುಡಿದು ಮನೆಗೆ ಬರುವುದು, ಅಷ್ಟೇ.

ನಾನು ಈ ಹಾದಿಗೆ ಬಂದದ್ದು ಬುದ್ಧನನ್ನು ಹುಡುಕಿಕೊಂಡು. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಒಂದು ಬೌದ್ಧ ವಿಹಾರ ಕಟ್ಟಿಸಿದ ಎಂದು ಶಾಸನ ಹೇಳುತ್ತದೆ. ಬೌದ್ಧ ಧಮ್ಮ ಎಂದರೆ ಎಲ್ಲೋ ಬಿಹಾರದ್ದು, ನಾಗಪುರದ್ದು ಎಂದುಕೊಂಡಿದ್ದ ನನಗೆ ಅದು ಮನೆಯ ಹಿತ್ತಲಲ್ಲೇ ಸಿಕ್ಕಿದಂತಾಗಿತ್ತು. ಅಲ್ಲಿಂದ ಕಲ್ಲಿನ ಹುಚ್ಚು ಹತ್ತಿತು.

ಕಲ್ಲಿನ ಮುಂದೆ ನಾವು ಆಡುವ ಮಾತು ಬಹಳ ಸಣ್ಣವು. ಸವೆದ ಕಲ್ಲಿನಲ್ಲಿ ‘ಪ’, ‘ವ’, ‘ಮ’ ಮೂರೂ ಒಂದೇ ಥರ ಕಾಣುತ್ತವೆ. ಸಂಜೆ ಹೊತ್ತು ಟಾರ್ಚನ್ನು ಓರೆಯಾಗಿ ಹಿಡಿದರೆ ಗೀರಿನೊಳಗೆ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಆಗ ಶುರುವಾಗುತ್ತದೆ ಚರ್ಚೆ. “ಮೇಡಂ, ಅದು ಪ ಅಲ್ಲ, ವ.” “ಇಲ್ಲ ಸರ್, ಮೇಲೆ ನೋಡಿ, ತಲೆ ಕೂಡಿಲ್ಲ.” ಯಾರಾದರೂ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟವನ್ನು ಮೊಬೈಲಿನಲ್ಲಿ ತೆಗೆಯುತ್ತಾರೆ. ಸೊರಬದ ಶಾಸನಗಳಿರುವ ಆ ಸಂಪುಟ ಬಂದದ್ದು 1904ರಲ್ಲಿ. ನಡುವೆ ಭತ್ತದ ರೇಟು, ಮಂಗಗಳ ಕಾಟ, ಯಾರ ಮಗಳಿಗೆ ಎಲ್ಲಿ ಸೀಟು ಸಿಕ್ಕಿತು, ಎಲ್ಲವೂ ಬರುತ್ತದೆ. ನನ್ನ ಓದು ಹತ್ತಾರು ಸಲ ತಪ್ಪಾಗಿದೆ, ಅವರು ತಿದ್ದಿದ್ದಾರೆ. ಅವರದ್ದೂ ತಪ್ಪಾಗಿದೆ, ನಾನು ತಿದ್ದಿದ್ದೇನೆ. ಒಬ್ಬರೂ ಮುಖ ಗಂಟಿಕ್ಕಿಲ್ಲ.

ಇದು ಬರೀ ಕಾಲಹರಣವೇ ಎಂದು ನಮ್ಮಲ್ಲೇ ಕೆಲವರು ಕೇಳುತ್ತಾರೆ. ಬುದ್ಧ ಭಿಕ್ಖುಗಳಿಗೆ ಬಿಡಿ ಎಂದ ಕೀಳು ಮಾತುಗಳ ಪಟ್ಟಿಯೇ ಇದೆ. ರಾಜರ ಮಾತು, ಕಳ್ಳರ ಮಾತು, ಊಟದ ಮಾತು, ಬಟ್ಟೆಯ ಮಾತು, ಬೀದಿಯ ಮಾತು, ನೀರು ಸೇದುವ ಕಡೆಯ ಮಾತು. ಪಾಲಿಯಲ್ಲಿ ಅದಕ್ಕೆ ತಿರಚ್ಛಾನಕಥಾ ಎನ್ನುತ್ತಾರೆ, ಪ್ರಾಣಿಗಳ ಮಟ್ಟದ ಮಾತು ಎಂದು. ಲೋಕವನ್ನೇ ಬಿಟ್ಟು ಬಂದ ಭಿಕ್ಖುವಿಗೆ ಅದು ಸರಿ.

ಆದರೆ ನೀರು ಸೇದುವ ಕಡೆಯ ಮಾತು ಎಂದಾಗ ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿಂದ ಹೊಯ್ಯುವವರೆಗೆ ದೂರ ನಿಂತು ಕಾಯಬೇಕಿತ್ತು. ಕಟ್ಟೆಯ ಮೇಲೆ ಹೆಂಗಸರು ಅತ್ತೆ, ಸೊಸೆ, ಮಳೆ, ಸಾರು ಎಂದು ಆಡುತ್ತಿದ್ದ ಮಾತು ನಮ್ಮಜ್ಜಿಗೆ ಕೇಳಿಸುತ್ತಿತ್ತು, ಅದರೊಳಗೆ ಸೇರುವಂತಿರಲಿಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಮನುಷ್ಯರ ಸಾಲಿನಲ್ಲಿ ನಿಲ್ಲುವುದಕ್ಕೆ. ಸಣ್ಣ ಮಾತಿನಲ್ಲಿ ಪಾಲು ಸಿಗುವುದೂ ಆ ಸಾಲಿನದೇ ಒಂದು ಭಾಗ.

1936ರ ‘ಜಾತಿ ವಿನಾಶ’ದಲ್ಲಿ ಅವರು ಇದನ್ನೇ ಇನ್ನೊಂದು ರೀತಿ ಹೇಳಿದ್ದಾರೆ. ಒಂದೇ ಥರದ ಆಚಾರ ವಿಚಾರ ಇದ್ದ ಮಾತ್ರಕ್ಕೆ ಜನ ಸಮಾಜವಾಗುವುದಿಲ್ಲ, ಒಂದೇ ಕೆಲಸದಲ್ಲಿ ಕೂಡಿ ಪಾಲ್ಗೊಂಡಾಗ ಆಗುತ್ತದೆ. ಜಾತಿ ತಡೆಯುವುದು ಈ ಕೂಡಿ ಮಾಡುವುದನ್ನೇ. ನಮ್ಮ ಭಾನುವಾರದ ಗುಂಪಿನಲ್ಲಿ ಒಂದೇ ನೀರಿನ ಬಾಟಲಿ ಎಲ್ಲರ ಕೈ ದಾಟುತ್ತದೆ. ಮೊದಲ ಸಲ ಅದು ನನ್ನ ಕೈಗೆ ಬಂದು ಮುಂದೆ ಹೋದಾಗ ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ.

ಕಳೆದ ಬೇಸಿಗೆಯಲ್ಲಿ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಒಂದು ವೀರಗಲ್ಲು, ಅರ್ಧ ಮಣ್ಣಿನಲ್ಲಿ ಹೂತಿತ್ತು. ಸುತ್ತ ಪ್ಲಾಸ್ಟಿಕ್, ಒಡೆದ ಬಾಟಲಿ, ಹೊಲಸು. ನಮ್ಮ ಹಿರಿಯರು ಮೂಗು ಮುಚ್ಚಿಕೊಂಡು, “ಏನ್ರೀ ಇದು, ಕೇರಿಗಿಂತ ಕಡೆ ಆಗ್ಬಿಟ್ಟಿದೆ” ಎಂದರು. ಒಬ್ಬಿಬ್ಬರು ನಕ್ಕರು. ನಾನು ಕಲ್ಲಿನ ಕೆಳಪಟ್ಟಿಯ ಕಾಳಗದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುವವಳಂತೆ ಬಗ್ಗಿದೆ. ನಾನು ಹುಟ್ಟಿದ್ದು ಕೇರಿಯಲ್ಲಿ. ನಮ್ಮವ್ವ ಕೂಲಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಅಂಗಳ ಗುಡಿಸಿ ಸಗಣಿ ನೀರು ಹಾಕುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು. “ಅಮ್ಮಾ, ನೀನು ಅಕ್ಷರ ತಪ್ಪಾಗಿ ಓದಿದ್ರೆ ಅವ್ರು ಹೇಳ್ತಾರೆ. ಅವ್ರು ತಪ್ಪು ಮಾತಾಡಿದಾಗ ನೀನ್ಯಾಕೆ ಹೇಳ್ಲಿಲ್ಲ?”

ನಾನು ದೊಡ್ಡ ಉತ್ತರವನ್ನೇ ಕೊಟ್ಟೆ. ಅವರು ಕೆಟ್ಟವರಲ್ಲ, ಬಾಯಿ ತಪ್ಪಿ ಬಂತು, ಮೈತ್ರಿ ಕೆಡಬಾರದು, ಮಾತಿಗೂ ಕಾಲ ಕೂಡಿ ಬರಬೇಕು. ಅವಳು ಕಿಟಕಿ ಕಡೆ ತಿರುಗಿ ಕೂತಳು.

ಆ ವಾರ ವಿನಯದ ಮಹಾವಗ್ಗದ ಒಂದು ಕಥೆ ನೆನಪಾಯಿತು. ಕೋಸಲದಲ್ಲಿ ಕೆಲವು ಭಿಕ್ಖುಗಳು ಮಳೆಗಾಲದ ಮೂರು ತಿಂಗಳು ಜಗಳವಿಲ್ಲದೆ ಕಳೆಯಬೇಕೆಂದು ಮಾತನ್ನೇ ಬಿಟ್ಟರು. ಮೊದಲು ಬಂದವರು ಆಸನ ಹಾಸಿ ನೀರಿಡುವುದು, ಕೊಡ ಬರಿದಾಗಿದ್ದರೆ ತುಂಬುವುದು, ಒಬ್ಬರಿಂದ ಎತ್ತಲಾಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬರನ್ನು ಕರೆಯುವುದು. ಎಲ್ಲ ಅಚ್ಚುಕಟ್ಟು, ಮಾತು ಮಾತ್ರ ಇಲ್ಲ. ಬಂದು ಹೆಮ್ಮೆಯಿಂದ ಹೇಳಿಕೊಂಡಾಗ ಬುದ್ಧ ಹೊಗಳಲಿಲ್ಲ, ಗದರಿಸಿದ. ನೀವು ದನಗಳಂತೆ, ಕುರಿಗಳಂತೆ ಜೊತೆಗಿದ್ದು ಬಂದಿರಿ, ಅದನ್ನೇ ಸುಖ ಎನ್ನುತ್ತೀರಿ ಎಂದ. ಮೂಕವ್ರತ ಕೂಡದು ಎಂದು ನಿಯಮ ಮಾಡಿದ. ಅದರ ಬದಲು ಪವಾರಣೆ ತಂದ. ಮಳೆಗಾಲ ಮುಗಿದಾಗ ಪ್ರತಿಯೊಬ್ಬನೂ ಸಂಘದ ಮುಂದೆ ಕೂತು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಸಂಶಯ ಬಂದಿದ್ದರೆ ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ತಾನೇ ಕೇಳಿಕೊಳ್ಳಬೇಕು.

ನೋಡಿ, ಹುರುಳಿಲ್ಲದ ಹರಟೆಯನ್ನೂ ಪ್ರಾಣಿಗಳ ಮಾತೆಂದ, ಜಗಳಕ್ಕೆ ಹೆದರಿದ ಮೌನವನ್ನೂ ಪ್ರಾಣಿಗಳ ಬಾಳೆಂದ. ನಾನು ಮೈತ್ರಿ ಎಂದುಕೊಂಡಿದ್ದು ಈ ಎರಡನೆಯದು. ಕಲ್ಲಿನ ವಿಷಯದಲ್ಲಿ ನಮ್ಮ ಗುಂಪು ಪ್ರತಿ ಭಾನುವಾರ ಪವಾರಣೆ ಮಾಡುತ್ತಿತ್ತು, ಮನುಷ್ಯರ ವಿಷಯದಲ್ಲಿ ಮೂಕವ್ರತ.

ಕುಬಟೂರಿನವರು ತಮ್ಮೂರು ಚಂದ್ರಹಾಸನ ಕುಂತಳನಗರ ಎನ್ನುತ್ತಾರೆ. ನಾನು ಅದನ್ನು ಚರಿತ್ರೆ ಎಂದು ನಂಬುವವಳಲ್ಲ. ಲಕ್ಷ್ಮೀಶನ ಜೈಮಿನಿ ಭಾರತದ ಆ ಕಥೆಯನ್ನು ಕ್ಲಾಸಿನಲ್ಲಿ ಪಾಠ ಮಾಡಿದ್ದೇನೆ. ದುಷ್ಟಬುದ್ಧಿ ಎಂಬ ಮಂತ್ರಿ ಚಂದ್ರಹಾಸನ ಕೈಯಲ್ಲೇ ಅವನಿಗೆ ವಿಷ ಕೊಡಿ ಎಂಬ ಓಲೆ ಕಳಿಸುತ್ತಾನೆ. ಮಂತ್ರಿಯ ಮಗಳು ವಿಷಯೆ ಅದನ್ನು ಓದಿ ‘ವಿಷ’ವನ್ನು ‘ವಿಷಯೆ’ ಎಂದು ತಿದ್ದುತ್ತಾಳೆ, ಒಂದು ಜೀವ ಉಳಿಯುತ್ತದೆ. ಅಪ್ಪನ ಅಕ್ಷರ, ಹೇಗೆ ತಿದ್ದಲಿ ಎಂದು ಅವಳು ಸುಮ್ಮನಿದ್ದಿದ್ದರೆ? ಹಿರಿಯರ ಮಾತು, ಹೇಗೆ ತಿದ್ದಲಿ ಎಂದು ನಾನು ಸುಮ್ಮನಿದ್ದೆ. ವಿಷ ಹೋಗಿ ಸೇರಿದ್ದು ನನ್ನ ಮಗಳ ಕಿವಿಗೆ.

ಬೇರೆಯವರನ್ನು ತಿದ್ದುವ ಮೊದಲು ಐದು ನೋಡಿಕೊಳ್ಳಿ ಎಂದಿದ್ದಾನೆ ಬುದ್ಧ. ಹೊತ್ತು ಸರಿಯೇ, ಮಾತು ನಿಜವೇ, ಮೃದುವೇ, ಒಳಿತಿಗೋ, ಮನಸ್ಸಿನಲ್ಲಿ ಮೈತ್ರಿ ಇದೆಯೇ. ಹೊತ್ತು ನೋಡುತ್ತೇನೆ ಎಂದು ಎರಡು ಭಾನುವಾರ ಕಳೆದೆ. ಮೂರನೆಯದಕ್ಕೆ ಅದು ಹೊತ್ತಲ್ಲ, ಭಯ ಎಂದು ಗೊತ್ತಾಯಿತು. ಆನವಟ್ಟಿಯ ಚಹಾದಂಗಡಿಯಲ್ಲಿ ಅವರೊಬ್ಬರೇ ಇದ್ದಾಗ ಹೇಳಿದೆ. “ಸರ್, ಅವತ್ತು ಕೇರಿ ಅಂದ್ರಲ್ಲ, ನಾನು ಅಲ್ಲೇ ಹುಟ್ಟಿದವಳು. ನಮ್ಮನೆ ಅಂಗಳ ನಮ್ಮವ್ವ ದಿನಕ್ಕೆರಡು ಸಲ ಗುಡಿಸ್ತಿದ್ಲು. ನನ್ನ ಓದು ತಪ್ಪಾದಾಗ ನೀವು ತಿದ್ದುತ್ತೀರಲ್ಲ, ಹಾಗೇ ಹೇಳ್ತಿದೀನಿ.”

“ನಾನು ಯಾರನ್ನೂ ಮನಸ್ಸಲ್ಲಿ ಇಟ್ಕೊಂಡು ಹೇಳಿದ್ದಲ್ಲ ಮೇಡಂ, ಆಡುಮಾತು” ಎಂದರು. “ಆಡುಮಾತೇ ಸರ್, ಅದಕ್ಕೇ ಹೇಳಿದೆ” ಎಂದೆ. ಇಬ್ಬರ ಚಹಾವೂ ಆರಿತು.

ಮುಂದಿನ ಎರಡು ವಾರ ಅವರು ಬರಲಿಲ್ಲ. ಗುಂಪಿನಲ್ಲಿ ಒಬ್ಬರು ನನ್ನೆದುರು ಈಗಲೂ ಅಳೆದು ಸುರಿದು ಮಾತಾಡುತ್ತಾರೆ, ಮೊದಲಿನ ಸಲುಗೆ ಇಲ್ಲ. ಆ ನಷ್ಟ ನಿಜ, ಅದು ನನಗೆ ನೋಯುತ್ತದೆ. ಮೂರನೇ ವಾರ ಹಿರಿಯರು ಬಂದರು. ಕ್ಷಮೆ ಕೇಳಲಿಲ್ಲ. ಟಾರ್ಚ್ ಹಿಡಿದು ಒಂದು ಸಾಲು ಓದಿ, “ನೋಡಿ ಮೇಡಂ, ತಪ್ಪಿದ್ರೆ ಹೇಳಿ” ಎಂದರು. ಅವರು ಮೊದಲೂ ಹಾಗೇ ಅನ್ನುತ್ತಿದ್ದರು. ಅವತ್ತು ಕಲ್ಲಿನ ಬಗ್ಗೆ ಮಾತ್ರ ಅಂದರೋ, ಎಲ್ಲದರ ಬಗ್ಗೆಯೋ ನಾನು ಕೇಳಲಿಲ್ಲ. ಮಗಳು ನನ್ನ ಪಕ್ಕದಲ್ಲೇ ಇದ್ದಳು. ಬಾಟಲಿಯ ನೀರು ಕುಡಿದು ಅವರ ಕೈಗೆ ಕೊಟ್ಟಳು.

*ಇಂದಿನ ಅಭ್ಯಾಸ:* ನಿಮಗೆ ಪ್ರೀತಿಯ ಒಂದು ಬಳಗ ಇದ್ದೇ ಇರುತ್ತದೆ. ಭಜನೆ, ಕ್ರಿಕೆಟ್, ತೋಟ, ಹಾಡು, ಯಾವುದೇ ಇರಲಿ. ಅಲ್ಲಿ ಜಗಳ ಬೇಡವೆಂದು ನುಂಗಿಕೊಂಡ ಒಂದು ಮಾತನ್ನು ನೆನಪಿಸಿಕೊಳ್ಳಿ. ಐದು ಪರೀಕ್ಷೆ ಹಚ್ಚಿ. ಹೇಳಬೇಕು ಅನ್ನಿಸಿದರೆ ಒಬ್ಬರೇ ಸಿಕ್ಕಾಗ ಮೃದುವಾಗಿ ಹೇಳಿ. ಅದಕ್ಕೂ ಮೊದಲು, ನಿಮ್ಮ ಮಾತಿನಲ್ಲಿ ತಪ್ಪು ಕಂಡರೆ ಹೇಳಿ ಎಂದು ಮನೆಯ ಮಕ್ಕಳನ್ನೇ ಕೇಳಿ ನೋಡಿ. ನನ್ನ ಮಗಳು ಈಗಾಗಲೇ ಎರಡು ಹೇಳಿದ್ದಾಳೆ.

ನಮೋ ಬುದ್ಧಾಯ. ಜೈ ಭೀಮ್.