ಫಲಕ, ಕಾರು ಮತ್ತು ಸಂಯೋಗ

ಕಾರಿಗೆ ನಂಬರ್ ಪ್ಲೇಟ್ ಕೂರಿಸುವುದೆಂದರೆ ಬೇರೆ ಬೇರೆಯಾಗಿ ಹುಟ್ಟಿದ ಎರಡು ವಸ್ತುಗಳನ್ನು ತಂದು ಕೂಡಿಸುವುದು. ಹೀಗೆ ಕೂಡುವುದಕ್ಕೆ ವೈಶೇಷಿಕ ದರ್ಶನದಲ್ಲಿ ಸಂಯೋಗವೆಂದು ಹೆಸರು. ಕಣಾದನ ಸೂತ್ರಗಳಿಂದ ಬೆಳೆದ ಈ ದರ್ಶನ ಸಂಯೋಗದ ಎದುರಿಗೆ ಸಮವಾಯವೆಂಬ ಇನ್ನೊಂದು ಸಂಬಂಧವನ್ನು ಇಡುತ್ತದೆ. ಮೊದಲು ಬಿಡಿಯಾಗಿದ್ದು, ಆಮೇಲೆ ಸೇರಿ, ಮುಂದೆ ಮತ್ತೆ ಬಿಡಿಯಾಗಬಲ್ಲವುಗಳದು ಸಂಯೋಗ. ನೂಲು ಮತ್ತು ಬಟ್ಟೆ, ಮಲ್ಲಿಗೆ ಮತ್ತು ಅದರ ಬಿಳುಪು ಇವುಗಳ ನಡುವೆ ಇರುವುದು ಸಮವಾಯ. ಇಲ್ಲಿ ಬಿಡಿಸಹೊರಟರೆ ಒಂದು ಉಳಿಯುವುದೇ ಇಲ್ಲ. ಫಲಕಕ್ಕೂ ಕಾರಿಗೂ ಇರುವುದು ಸಂಯೋಗವೇ. ಆದರೆ ಆ ಸಂಖ್ಯೆ ಆ ಕಾರಿಗೆ, ಮಲ್ಲಿಗೆಗೆ ಬಿಳುಪು ಹೇಗೋ ಹಾಗೆ, ಬಿಡದೆ ಅಂಟಿರಬೇಕೆಂದು ಕಾನೂನು ಬಯಸುತ್ತದೆ. ಫಲಕ ಹಚ್ಚುವ ಬಗೆಯನ್ನು ಆರಿಸುವಾಗಿನ ಇಕ್ಕಟ್ಟೆಲ್ಲ ಈ ಎರಡರ ನಡುವಿನದು.

ಕಾರಿನ ಮೈಯಲ್ಲೇ ಇನ್ನೊಂದು ಗುರುತೂ ಇದೆ: ಲೋಹದಲ್ಲಿ ಒತ್ತಿ ಮೂಡಿಸಿದ 17 ಅಕ್ಷರಗಳ ಚಾಸಿ ಸಂಖ್ಯೆ. ಅದನ್ನು ಅಳಿಸಬೇಕಾದರೆ ಲೋಹವನ್ನೇ ಕೆರೆಯಬೇಕು. ನಂಬರ್ ಪ್ಲೇಟ್ ಹಾಗಲ್ಲ. ನ್ಯಾಯ ದರ್ಶನದವರು, ಅಂದರೆ ನೈಯಾಯಿಕರು, ಗುರುತುಗಳಲ್ಲಿ ವಿಶೇಷಣ, ಉಪಲಕ್ಷಣ ಎಂದು ಎರಡು ಬಗೆ ಹೇಳುತ್ತಾರೆ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ, ಅಗೋ ಕಾಗೆ ಕೂತಿರುವುದೇ ಅವನ ಮನೆ ಎಂದು ತೋರಿಸಿದರೆ, ಕಾಗೆ ಆ ಮನೆಗೆ ಉಪಲಕ್ಷಣ. ಅದು ಹಾರಿಹೋದ ಮೇಲೂ ಮನೆ ದೇವದತ್ತನದೇ, ತೋರಿಸುವ ಕೆಲಸವೂ ಆಗಿರುತ್ತದೆ. ನಂಬರ್ ಪ್ಲೇಟ್ ಈ ಕಾಗೆಯ ಜಾತಿಗೆ ಸೇರಿದ್ದು. ಒಂದೇ ವ್ಯತ್ಯಾಸವೆಂದರೆ, ಕೇಳುವವರು ದಿನವೂ ಹೊಸಬರು. ಆದ್ದರಿಂದ ಈ ಕಾಗೆ ಹಾರುವಂತಿಲ್ಲ.

ಸಂಯೋಗ ಹುಟ್ಟುವ ಬಗೆಗೆ ಶಾಸ್ತ್ರ ಕೊಡುವ ಒಂದು ಉದಾಹರಣೆ ಗಿಡುಗ ಬಂದು ಮೋಟುಮರದ ಮೇಲೆ ಕೂರುವುದು: ಚಲನೆ ಒಂದರದು, ಇನ್ನೊಂದು ನಿಂತೇ ಇದೆ. ಫಲಕ ಕೂರಿಸುವುದೂ ಹೀಗೆಯೇ. ಕಾರು ನಿಂತಿರುತ್ತದೆ, ಫಲಕ ಬರುತ್ತದೆ. ಬರುವುದು ನಿಂತದ್ದಕ್ಕೆ ಹೊಂದಿಕೊಳ್ಳಬೇಕು. ಅಚ್ಚುಕಟ್ಟಿನ ಮೊದಲ ಪ್ರಶ್ನೆ ಇಲ್ಲೇ ಏಳುತ್ತದೆ: ನೇರವೆಂದರೆ ಯಾವುದಕ್ಕೆ ನೇರ? ಗ್ಯಾರೇಜಿನ ನೆಲ ಒಂದು ಕಡೆ ಇಳಿಜಾರಾಗಿರಬಹುದು, ಒಂದು ಚಕ್ರದ ಗಾಳಿ ಕಡಿಮೆ ಇರಬಹುದು. ಮಟ್ಟಗೋಲಿಟ್ಟು ನೇರ ಮಾಡಿದ ಫಲಕ ಕಾರು ರಸ್ತೆಗಿಳಿದೊಡನೆ ಓರೆಯಾಗಿ ಕಾಣುತ್ತದೆ. ಬಲ್ಲ ಕೆಲಸಗಾರರು ಬಂಪರಿನ ಗೆರೆಯಿಂದ, ಡಿಕ್ಕಿಯ ಅಂಚಿನಿಂದ, ನಡುವಿನ ಲಾಂಛನದಿಂದ ಎರಡೂ ಬದಿಗೆ ಅಳೆದು ಗುರುತು ಹಾಕುತ್ತಾರೆ; ರಂಧ್ರ ಕೊರೆಯುವ ಮುನ್ನ ಕಾಗದದ ಟೇಪಿನಲ್ಲಿ ಫಲಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡುತ್ತಾರೆ. ಅಳತೆಗೋಲು ಹೊರಗಿನದಲ್ಲ, ಆಶ್ರಯ ಕೊಡುವ ವಸ್ತುವಿನದೇ. ಈ ಮರ್ಯಾದೆ ಇಲ್ಲದ ಕಡೆ ಎಷ್ಟು ದುಬಾರಿ ಸ್ಕ್ರೂ ಹಾಕಿದರೂ ಕೆಲಸ ಒರಟಾಗಿಯೇ ಉಳಿಯುತ್ತದೆ.

ಸಂಯೋಗಕ್ಕೆ ಇನ್ನೊಂದು ಲಕ್ಷಣವಿದೆ. ಅದು ಅವ್ಯಾಪ್ಯವೃತ್ತಿ, ಅಂದರೆ ತನ್ನ ಆಶ್ರಯವನ್ನು ಪೂರ್ತಿ ವ್ಯಾಪಿಸುವುದಿಲ್ಲ. ಮರದ ಕೊಂಬೆಯಲ್ಲಿ ಕೋತಿ ಕೂತಾಗ ಮರಕ್ಕೂ ಕೋತಿಗೂ ಸಂಯೋಗವಿದೆ. ಬುಡದ ಮಟ್ಟಿಗೆ ನೋಡಿದರೆ ಅದೇ ಮರಕ್ಕೆ ಅದೇ ಸಂಯೋಗ ಇಲ್ಲ. ನೈಯಾಯಿಕರು ನೂರಾರು ವರ್ಷ ಚರ್ಚಿಸಿದ ಈ ಕೋತಿಯ ಉದಾಹರಣೆ ಫಲಕಕ್ಕೆ ಅಕ್ಷರಶಃ ಹೊಂದುತ್ತದೆ. ಭಾರತದಲ್ಲಿ ಕಾರಿನ ಫಲಕದ ಸಾಮಾನ್ಯ ಅಳತೆ 500 ಮಿಲಿಮೀಟರ್ ಉದ್ದ, 120 ಮಿಲಿಮೀಟರ್ ಎತ್ತರ. ಅದು ಕಾರನ್ನು ಭದ್ರವಾಗಿ ಮುಟ್ಟುವುದು ಬೋಲ್ಟ್ ಇರುವ ಒಂದೆರಡು ಕಡೆ ಮಾತ್ರ. ಉಳಿದೆಡೆ ಫಲಕ ಕಾರಿನ ಹತ್ತಿರ ಇದೆ, ಕಾರಿಗೆ ಕೂಡಿಲ್ಲ. ಡಿಕ್ಕಿ ಮುಚ್ಚಿದಾಗ ಕೇಳುವ ತಗಡಿನ ಸದ್ದು ಈ ಕೂಡದ ಜಾಗಗಳ ಸದ್ದು. ಮೂಲೆಗಳ ಹಿಂದೆ ರಬ್ಬರಿನ ಚಿಕ್ಕ ತುಂಡುಗಳನ್ನು ಇಟ್ಟರೆ ಅದು ಅಡಗುತ್ತದೆ, ಬಣ್ಣ ಕೆರೆಯುವುದೂ ತಪ್ಪುತ್ತದೆ. ಅಲ್ಯೂಮಿನಿಯಂ ಫಲಕಕ್ಕೆ ಉಕ್ಕಿನ ಬೋಲ್ಟ್ ನೇರವಾಗಿ ತಾಗಿದರೆ, ಮಂಗಳೂರು ಕಾರವಾರಗಳ ಉಪ್ಪು ಬೆರೆತ ತೇವದಲ್ಲಿ ರಂಧ್ರದ ಸುತ್ತ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಇರಬೇಕು. ಎರಡನ್ನು ಚೆನ್ನಾಗಿ ಕೂಡಿಸಲು ನಡುವೆ ಮೂರನೆಯದೊಂದು ಬೇಕಾಗುತ್ತದೆಂಬುದು ಗಮನಿಸತಕ್ಕದ್ದು.

ಸ್ಕ್ರೂ ಬೇಡ, ಎರಡು ಮುಖದ ಅಂಟುಪಟ್ಟಿ ಸಾಕು ಎನ್ನುವವರ ವಾದ ನೋಟದ್ದು. ರಂಧ್ರವಿಲ್ಲ, ತಲೆ ಎದ್ದ ಬೋಲ್ಟ್ ಇಲ್ಲ. ಫಲಕ ಕಾರಿನ ಮೈಯಿಂದಲೇ ಬೆಳೆದಂತೆ ಕಾಣುತ್ತದೆ. ಸಮವಾಯದ ತೋರಿಕೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು, ಸಂಯೋಗದ ಬಲ ಎಲ್ಲಕ್ಕಿಂತ ಕಡಿಮೆ. ಬೇಸಗೆಯ ಬಿಸಿಲು, ತೊಳೆಯುವ ನೀರಿನ ರಭಸ, ಒರೆಸದೆ ಉಳಿದ ಎಣ್ಣೆಯ ಪಸೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಅಂಟು ಬಿಡಲು ತೊಡಗುತ್ತದೆ. ಕಾಣುವ ಬೋಲ್ಟಿಗೆ ಒಂದು ಪ್ರಾಮಾಣಿಕತೆ ಇದೆ. ಇಲ್ಲಿ ಎರಡು ವಸ್ತುಗಳಿವೆ, ಇಲ್ಲಿ ಅವು ಕೂಡಿವೆ ಎಂದು ಅದು ಬಚ್ಚಿಡದೆ ಹೇಳುತ್ತದೆ. ಆದರೆ ಆ ಬೋಲ್ಟ್ ಅಂಕಿಯ ಮೇಲೆ ಬಂದು ಒಂದನ್ನು ಇನ್ನೊಂದಾಗಿ ತೋರಿಸಬಾರದು. 65 ಮಿಲಿಮೀಟರ್ ಎತ್ತರದ ಅಕ್ಷರ, 10 ಮಿಲಿಮೀಟರ್ ದಪ್ಪದ ಗೆರೆ, ಅಷ್ಟೇ ಅಂತರ ಎಂದು ನಿಯಮ ಅಳತೆ ಹಾಕಿಕೊಟ್ಟಿರುವುದು ದೂರದ ಕಣ್ಣಿಗಾಗಿ. ಗುರುತು ಇರುವುದು ಹೊತ್ತವನಿಗಲ್ಲ, ನೋಡುವವನಿಗೆ.

2001ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮದೊಳಗೆ ಬಂದ, 2019ರ ಏಪ್ರಿಲ್ 1ರಿಂದ ಹೊಸ ವಾಹನಗಳ ಜೊತೆಗೇ ಬರುತ್ತಿರುವ ಅತಿ ಸುರಕ್ಷಿತ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಈ ಆಯ್ಕೆಯ ದೊಡ್ಡ ಭಾಗವನ್ನು ಮಾಲೀಕನ ಕೈಯಿಂದ ತೆಗೆದುಕೊಂಡಿದೆ. ಹಿಂಬದಿಯ ಫಲಕವನ್ನು ಹಿಡಿಯುವುದು ಸ್ನ್ಯಾಪ್ ಲಾಕ್. ಒಮ್ಮೆ ಒತ್ತಿದರೆ ಅದು ಬಿಚ್ಚುವುದಿಲ್ಲ, ಮುರಿದೇ ತೆಗೆಯಬೇಕು. ಮುರಿದದ್ದನ್ನು ಮತ್ತೆ ಬಳಸಲಾಗದು. ಸಂಯೋಗವನ್ನು ನಾಶ ಮಾಡುವ ಗುಣಕ್ಕೆ ವೈಶೇಷಿಕರು ವಿಭಾಗ ಎನ್ನುತ್ತಾರೆ. ಸ್ನ್ಯಾಪ್ ಲಾಕ್ ವಿಭಾಗವನ್ನು ತಡೆಯುತ್ತದೆ ಎಂದು ತಿಳಿಯುವುದು ತಪ್ಪು. ಇಕ್ಕಳ ಹಿಡಿದವನಿಗೆ ಅದು ದೊಡ್ಡ ಅಡ್ಡಿಯಲ್ಲ. ಅದು ಮಾಡುವುದು ವಿಭಾಗ ಸದ್ದಿಲ್ಲದೆ ನಡೆಯದಂತೆ ನೋಡಿಕೊಳ್ಳುವುದು, ಬೇರ್ಪಟ್ಟದ್ದಕ್ಕೆ ಸಾಕ್ಷಿ ಉಳಿಸುವುದು. ಸಂಯೋಗವನ್ನು ಸಮವಾಯವಾಗಿಸಲು ಆಗದಿದ್ದಾಗ ಮನುಷ್ಯ ಕಂಡುಕೊಂಡ ದಾರಿ ಇದು, ಒಳ್ಳೆಯ ದಾರಿ.

ಇಷ್ಟಾದರೂ ಒಂದು ಹಳೆಯ ಆಕ್ಷೇಪ ಉಳಿಯುತ್ತದೆ. ಫಲಕವನ್ನು ಚೌಕಟ್ಟು ಹಿಡಿದಿದೆ, ಚೌಕಟ್ಟನ್ನು ಬೋಲ್ಟ್ ಹಿಡಿದಿದೆ. ಬೋಲ್ಟನ್ನು ಹಿಡಿದಿರುವುದು ಯಾವುದು? ಬ್ರಹ್ಮಸೂತ್ರ 2.2.13ರ ಭಾಷ್ಯದಲ್ಲಿ ಶಂಕರರು ಸಮವಾಯದ ಮೇಲೆ ಎತ್ತುವ ಪ್ರಶ್ನೆಯ ಆಕಾರ ಇದೇ. ಎರಡನ್ನು ಬೆಸೆಯುವ ಸಂಬಂಧ ಆ ಎರಡರಿಂದ ಬೇರೆಯಾಗಿದ್ದರೆ ಅದನ್ನು ಬೆಸೆಯಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಇದು ಅನವಸ್ಥೆ. ನೈಯಾಯಿಕರ ಉತ್ತರ, ಸಮವಾಯ ತನ್ನ ಸ್ವರೂಪದಿಂದಲೇ ಬೆಸೆಯುತ್ತದೆ, ಅದಕ್ಕೆ ಬೇರೆ ಬೆಸುಗೆ ಬೇಡ ಎಂಬುದು. ವಾದದಲ್ಲಿ ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಬೋಲ್ಟಿನ ಮಟ್ಟಿಗೆ ಮಾತ್ರ ಅದು ಸರಿ: ಅದರ ಸುರುಳಿ ತಾನೇ ಹಿಡಿಯುತ್ತದೆ, ಹಿಡಿಯುವುದೇ ಅದರ ರೂಪ.

ಗುರುತನ್ನು ಹೇಗೆ ಧರಿಸಬೇಕೆಂಬ ಪ್ರಶ್ನೆ ಕರ್ನಾಟಕದ ಧರ್ಮಜೀವನಕ್ಕೆ ಹೊಸದಲ್ಲ. ಮಾಧ್ವರು ದಿನವೂ ಗೋಪೀಚಂದನದಲ್ಲಿ ಶಂಖಚಕ್ರಗಳ ಮುದ್ರೆ ಹಚ್ಚಿಕೊಳ್ಳುತ್ತಾರೆ. ಅದು ತೊಳೆದರೆ ಹೋಗುತ್ತದೆ, ಮರುದಿನ ಮತ್ತೆ ಹಚ್ಚಬೇಕು. ಆಷಾಢ ಶುಕ್ಲ ಏಕಾದಶಿಯಂದು ಉಡುಪಿಯಲ್ಲೂ ಇತರ ಮಠಗಳಲ್ಲೂ ನಡೆಯುವ ತಪ್ತಮುದ್ರಾಧಾರಣೆಯ ಬಗೆ ಬೇರೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಲೋಹದ ಮುದ್ರೆ ಚರ್ಮವನ್ನು ಮುಟ್ಟುವುದು ಕ್ಷಣಮಾತ್ರ. ಸಂಯೋಗ ಮುಗಿದ ಮೇಲೂ ಗುರುತು ಮೈಯಲ್ಲೇ ಉಳಿಯುತ್ತದೆ. ವೀರಶೈವ ಲಿಂಗಾಯತರ ಇಷ್ಟಲಿಂಗ ಈ ಎರಡೂ ಅಲ್ಲ. ಅದು ಚರ್ಮಕ್ಕೆ ಅಂಟಿದ್ದಲ್ಲ, ಶಿವದಾರದಲ್ಲಿ ಕಟ್ಟಿ ಧರಿಸಿದ್ದು. ಆದರೂ ಜೀವ ಇರುವವರೆಗೆ ಅಂಗದಿಂದ ಅಗಲುವಂತಿಲ್ಲ. ಅಲ್ಲಿ ಸಂಯೋಗವನ್ನು ಬಿಡದಂತೆ ಕಾಯುವುದು ದಾರವಲ್ಲ, ನಿಷ್ಠೆ. ಪವಿತ್ರ ವಸ್ತುವನ್ನು ತಗಡಿನ ಫಲಕಕ್ಕೆ ಸಮ ಮಾಡುವುದು ಈ ಹೋಲಿಕೆಯ ಉದ್ದೇಶವಲ್ಲ. ಹೋಲಿಕೆ ಸಂಬಂಧದ ಬಗೆಗೆ ಮಾತ್ರ ಸಲ್ಲುತ್ತದೆ. ಅಂಥ ನಿಷ್ಠೆಯನ್ನು ವಾಹನದ ವಿಷಯದಲ್ಲಿ ಎಲ್ಲರಿಂದ ನಿರೀಕ್ಷಿಸಲಾಗದ್ದರಿಂದಲೇ ಸ್ನ್ಯಾಪ್ ಲಾಕ್ ಬಂದಿತು.

ಮಹಾನವಮಿಯ ಆಯುಧಪೂಜೆಯಂದು ಫಲಕಕ್ಕೂ ಗಂಧ, ಕುಂಕುಮ, ಚೆಂಡುಹೂವಿನ ಮಾಲೆ ಸಲ್ಲುತ್ತವೆ. ಅಂಕಿಗಳ ನಡುವಿನ ಖಾಲಿ ಜಾಗದಲ್ಲಿ ಬೊಟ್ಟಿಡುವವರ ಕೈ ಅಚ್ಚುಕಟ್ಟನ್ನು ಚೆನ್ನಾಗಿ ಅರಿತ ಕೈ.

ಡಿಕ್ಕಿ ಹೊಡೆದು ಫಲಕ ಮುರಿದರೆ ಹೊಸದನ್ನು ತರಿಸಬೇಕಾಗುತ್ತದೆ. ನೋಂದಣಿ ಸಂಖ್ಯೆ ಹಳೆಯದೇ, ಕಾರೂ ಹಳೆಯದೇ, ಬದಲಾದದ್ದು ಫಲಕ. ಎಚ್‌ಎಸ್‌ಆರ್‌ಪಿಯ ಪ್ರತಿ ಫಲಕದ ಮೇಲೂ, 20 ಮಿಲಿಮೀಟರಿನ ಚಕ್ರದ ಹಾಲೊಗ್ರಾಮ್ ಜೊತೆಗೆ, ಲೇಸರಿನಿಂದ ಕೊರೆದ ಅದರದೇ ಆದ ಗುರುತುಸಂಖ್ಯೆ ಇರುತ್ತದೆ. ಕಾರಿನ ಹೆಸರನ್ನು ಹೊತ್ತಿರುವ ಫಲಕಕ್ಕೆ ತನ್ನದೂ ಒಂದು ಹೆಸರಿದೆ, ಮತ್ತು ಆ ಹೆಸರು ಬೋಲ್ಟಿನಿಂದ ಸಿಕ್ಕಿಸಿದ್ದಲ್ಲ, ಫಲಕದ ಮೈಯಲ್ಲೇ ಕೊರೆದದ್ದು.